ಅಜ್ಜಿಯ ಮೂಗಿನ ಹನಿ

ಮೂಗಿಗೆ ಬಿಡುವ ಔಷಧಿಯ ಸೀಸೆ ಕಂಡರೆ ಇಂದಿಗೂ ಬೆಟಗೇರಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಜ್ಜಿಯ ಮೂಗು ವರ್ಷವಿಡೀ ಕಟ್ಟಿರುತ್ತಿತ್ತು. ಹನಿ ಹಾಕಿದಷ್ಟೂ ಬೇಗ ಮತ್ತೆ ಕಟ್ಟುತ್ತಿತ್ತು. ಅಂದು ಕೂಸು ತಂಗಿ ಮೂಗು ಕಟ್ಟಿ ಮೊಲೆ ಹಿಡಿಯದಾದಾಗ, ನೀರೆರೆಯುವಾಗ ಎಣ್ಣೆ ಬಿಡುವಂತೆಯೇ ಅಜ್ಜಿ ಆ ಹನಿಗಳನ್ನು ಅವಳ ಮೂಗಿಗೆ ಬಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಕೂಸಿನ ಅಂಗಾಲು ತಣ್ಣಗಾಯಿತು, ಎಷ್ಟು ಅಲುಗಿಸಿದರೂ ಕಣ್ಣು ತೆರೆಯಲಿಲ್ಲ.

“ದೊಡ್ಡವರ ಔಷಧ ಕೂಸಿಗೆ ಹಾಕ್ತಾರೇನಬೇ? ಎಷ್ಟ ಹನಿ?” ದವಾಖಾನೆಯಲ್ಲಿ ಡಾಕ್ಟರು ಕೇಳಿದರು.

“ಎರಡರೀ,” ಎಂದಳು ಅಜ್ಜಿ.

ನಾಲ್ಕು ಹಾಕಿದ್ದಳೆಂದು ನನ್ನ ನೆನಪು. ಆಣೆ ಮಾಡಿ ಹೇಳಲಾರೆ. ನಾನು ಬಾಯಿ ಬಿಡಲಿಲ್ಲ ಎಂಬುದು ಮಾತ್ರ ಖಚಿತ.

ಹೊತ್ತಿಳಿದ ಮೇಲೆ ತಂಗಿ ಸಣ್ಣಗೆ ಅತ್ತಳು.

“ಅಳು ನನ್ನವ್ವಾ, ಇನ್ನೂ ಜೋರ ಅಳು!” ಎಂದು ಅವ್ವ ಅವಳನ್ನು ಎದೆಗೊತ್ತಿಕೊಂಡಳು.

ಅಜ್ಜಿ ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದಳು: “ನೀ ಎಷ್ಟ ನೋಡಿದ್ದಿ ಲೇ?”

“ಎರಡ,” ಎಂದೆ.