ಸ್ಮರಣೆಯೂಟದ ಒಲೆ

ಯೇಸುಮಿತ್ರನ ಅಪ್ಪ ತೀರಿ ಅಂದಿಗೆ ಒಂದು ವರ್ಷ. ಸ್ಮರಣೆಯೂಟದ ಒಲೆಯನ್ನು ಹಿರಿಮಗನೇ ಪ್ರಾರ್ಥಿಸಿ ಹೊತ್ತಿಸಬೇಕೆಂಬುದು ಬೆಟಗೇರಿಯ ಮಿಷನ್ ಕೇರಿಯ ಪದ್ಧತಿ. ಕಡ್ಡಿಪೆಟ್ಟಿಗೆಯ ಕಾಲ ಎಂದೋ ಮುಗಿದಿತ್ತು. ಈಗ ಒಲೆಗಳು ಮನಸ್ಸಿಟ್ಟು ಆಡಿದ ಮಾತಿಗೇ ಉರಿಯುತ್ತಿದ್ದವು. ಚಹಾಕ್ಕೆ ಒಂದು ಸ್ತೋತ್ರ ಸಾಕು, ಬಿರಿಯಾನಿಗೆ ಮೂರು ಚರಣವಾದರೂ ಬೇಕು.

ಯೇಸುಮಿತ್ರ ಮಿಮಿಕ್ರಿ ಮಾಡಿ ಕೇರಿಯನ್ನೇ ನಗಿಸುವವನು. ಅಂದು ಮಾತ್ರ ಸ್ವಂತ ದನಿಯಲ್ಲಿ "ಕರ್ತನೇ" ಎಂದ. ಒಲೆ ತಣ್ಣಗಿತ್ತು. ರಾತ್ರಿಯೆಲ್ಲ ಕೂತು ಬರೆದ ಪ್ರಾರ್ಥನೆಯ ಪದ್ಯ ಓದಿದ. ಕಿಡಿಯೂ ಹಾರಲಿಲ್ಲ.

"ಏನಪಾ ಮಿತ್ರಾ, ನಿಮ್ಮಪ್ಪನ ಹೆಸರಿಲೆ ನಮಗ ಉಪವಾಸ ಮಾಡಸ್ತೀಯೇನು?" ಪಡಸಾಲೆಯಿಂದ ಸೋದರಮಾವ ಕೂಗಿದ.

ತನಗೆ ನಂಬಿಕೆಯೇ ಇಲ್ಲವೇನೋ ಎಂದು ಯೇಸುಮಿತ್ರನಿಗೆ ಅನುಮಾನ ಬಂತು. ಬೇರೆ ದಾರಿ ಕಾಣದೆ ಅದೇ ಪದ್ಯವನ್ನು ಅಪ್ಪನ ದನಿಯಲ್ಲಿ ಹೇಳಿದ: "ದಯಾಳುವೇ" ಎನ್ನುವಲ್ಲಿ ರಾಗ ಎಳೆದು, ಸಾಲುಸಾಲಿಗೂ ಕೆಮ್ಮಿ. ಭಗ್ಗನೆ ಉರಿ ಎದ್ದಿತು.

"ಅವ್ವಾ, ಇದು ಮೋಸ ಆತಲ್ಲ? ದೇವರು ಕೇಳಿದ್ದು ನನ್ನ ಪ್ರಾರ್ಥನೆನೋ, ಅಪ್ಪಂದೋ?"

ಅವ್ವ ಅಡುಗೆಯ ಬೋಗಾಣಿಯನ್ನು ಒಲೆಗೆ ಏರಿಸಿದಳು. "ನಿಮ್ಮಪ್ಪಗ ಕೆಮ್ಮು ಎಲ್ಲಿತ್ತೋ ಹುಚ್ಚಾ? ಅದು ನಿಮ್ಮಜ್ಜಂದು. ಅಜ್ಜನ ಸ್ಮರಣೆ ದಿನ ಒಲಿ ಹೊತ್ತಲಿಲ್ಲಂತ ನಿಮ್ಮಪ್ಪ ಅತ್ತು ಅತ್ತು, ಕಡೀಕ ಅಜ್ಜನ ಹಂಗ ಕೆಮ್ಮಿ ಹೊತ್ತಿಸಿದ್ರು. ಅವತ್ತಿನಿಂದ ಪ್ರಾರ್ಥನಿಗೆ ಕುಂತಾಗೆಲ್ಲ ಅದ ಕೆಮ್ಮು."

ಅಜ್ಜ ಯಾರ ಹಾಗೆ ಕೆಮ್ಮುತ್ತಿದ್ದನೆಂದು ಕೇಳಲು ಯೇಸುಮಿತ್ರನಿಗೆ ಧೈರ್ಯ ಬರಲಿಲ್ಲ. ಉರಿ ನೋಡುತ್ತ "ಆಮೆನ್" ಎಂದ. ಯಾರ ದನಿಯಲ್ಲಿ ಎಂದೆನೆಂದು ಅವನಿಗೇ ತಿಳಿಯಲಿಲ್ಲ.