ಗುಲಾಬಿ ಬಣ್ಣದ ಬೆಣ್ಣೆ

ಬೆಣ್ಣೆ ಇವತ್ತೂ ಕಮ್ಮಿಯಾಗಿತ್ತು. ಹನುಮಂತರಾಯಪ್ಪ ಅಡುಗೆಮನೆಯ ಗಡಿಗೆಯೊಳಗೆ ಬಗ್ಗಿ ನೋಡಿದರು. ಬೆಳಿಗ್ಗೆ ಹೆಂಡತಿ ಮಜ್ಜಿಗೆ ಕಡೆದು ತೆಗೆದಿಟ್ಟಿದ್ದ ಉಂಡೆಯಲ್ಲಿ ನಿಂಬೆಹಣ್ಣಿನಷ್ಟು ಮಾಯವಾಗಿತ್ತು. ಬೆಕ್ಕು ತಿಂದಿದ್ದರೆ ನೆಕ್ಕಿದ ಗುರುತಿರಬೇಕು. ಇಲ್ಲಿ ಚಮಚದ ಗುರುತಿತ್ತು.

ಮನೆಯಲ್ಲಿ ಅವರನ್ನು ಬಿಟ್ಟರೆ ಸುಬ್ಬಲಕ್ಷ್ಮಮ್ಮ ಒಬ್ಬರೇ.

ಹನುಮಂತರಾಯಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಗೂಡನ್ನು ಕಿವಿಯ ಹತ್ತಿರ ಅಲುಗಿಸಿಯೇ ಒಳಗಿನ ಹುಳು ಸತ್ತಿದೆಯೋ ಬದುಕಿದೆಯೋ ಹೇಳುತ್ತಿದ್ದರು. ತಮ್ಮ ಕಣ್ಣು ತಪ್ಪಿಸಿ ಯಾರೂ ಏನೂ ಮಾಡಲಾರರೆಂಬುದು ಅವರ ನಂಬಿಕೆ.

ಎಂಟು ತಿಂಗಳ ಹಿಂದೆ, ೧೯೮೭ರ ಬೇಸಿಗೆಯಲ್ಲಿ, ಅವರ ಎಡಗಾಲ ಹೆಬ್ಬೆರಳಲ್ಲಿ ಒಂದು ಗಾಯವಾಯಿತು. ಎಷ್ಟು ದಿನವಾದರೂ ಮಾಯಲಿಲ್ಲ. ಚಿಕ್ಕಬಳ್ಳಾಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಸಿಹಿ ಬಿಡಿ. ಇಲ್ಲಾಂದ್ರೆ ಬೆರಳು ಬಿಡಬೇಕಾಗುತ್ತೆ" ಎಂದರು. ಸುಬ್ಬಲಕ್ಷ್ಮಮ್ಮ ಮನೆಗೆ ಬಂದವರೇ ಸಕ್ಕರೆ ಡಬ್ಬ, ಬೆಲ್ಲದ ಡಬ್ಬ ಎರಡನ್ನೂ ಪಕ್ಕದ ಮನೆಯ ಆಂಜಿನಮ್ಮನಿಗೆ ಕೊಟ್ಟುಬಿಟ್ಟರು. ಆವತ್ತಿನಿಂದ ತಾವೂ ಸಪ್ಪೆ ಕಾಫಿಯನ್ನೇ ಕುಡಿದರು.

"ನಿನಗೇನು ಕಾಯಿಲೆ? ನೀನ್ಯಾಕೆ ಬಿಡ್ತೀಯ?"

"ನಿಮ್ಮ ಮುಂದೆ ಕೂತು ನಾನು ಸಿಹಿ ತಿನ್ನಕ್ಕಾಗುತ್ತೇನ್ರೀ?"

ಆ ಮಾತು ಹನುಮಂತರಾಯಪ್ಪನವರ ಎದೆಗೆ ತಾಕಿತು. ನಾಲಿಗೆಗೆ ತಾಕಲಿಲ್ಲ. ಇಪ್ಪತ್ತು ದಿನ ಮುದ್ದೆ, ಹಾಗಲಕಾಯಿ ಪಲ್ಯ ನುಂಗಿ, ಇಪ್ಪತ್ತೊಂದನೆಯ ದಿನ ವಾಕಿಂಗ್ ಎಂದು ಹೇಳಿ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಗೆ ಹೋದರು.

ಬೇಕರಿಯ ಖಾಜಾ ಪೀರ್‌ಗೆ ಅವರ ಕಾಲಿನ ಸಂಗತಿ ಗೊತ್ತಿತ್ತು. ಒಂದು ಬನ್ನು ಕೊಡುವುದಕ್ಕೂ ಒಪ್ಪಲಿಲ್ಲ. ಹನುಮಂತರಾಯಪ್ಪ ನಾಲ್ಕು ದಿನ ಬಿಡದೆ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಐದನೆಯ ದಿನ ಅವನು ಮೆತ್ತಗಾದ.

"ದಿನಾ ಐದು ಗಂಟೆಗೆ ಬನ್ನಿ ಸಾಬ್. ಒಂದೇ ಒಂದು ಕೊಡ್ತೀನಿ. ಒಳಗಡೆ ಕೂತು ತಿನ್ನಿ. ಅಮ್ಮನವರ ಯೋಚನೆ ಬಿಡಿ, ಅದು ನನಗಿರಲಿ."

ಅದು ಚಾಕಲೇಟು ಬಣ್ಣದ ಪುಟ್ಟ ಕೇಕು. ಮೇಲೆ ಗುಲಾಬಿ ಬಣ್ಣದ ಬೆಣ್ಣೆ ಕ್ರೀಮು. ಅದರ ಮೇಲೆ ಕೆಂಪು, ಹಸಿರು, ಹಳದಿ ಕಾಳು. ತಿಂದಾದ ಮೇಲೆ ಗಂಟಲಲ್ಲಿ ಸಣ್ಣ ಕಹಿ ಉಳಿಯುತ್ತಿತ್ತು. ಮೋಸದ ರುಚಿಯೇ ಹಾಗಿರಬೇಕು ಎಂದುಕೊಂಡು ಬಾಯಿ ಮುಕ್ಕಳಿಸಿ, ಮೀಸೆ ಒರೆಸಿಕೊಂಡು ಮನೆಗೆ ಬರುತ್ತಿದ್ದರು. ಸಪ್ಪೆ ಕಾಫಿ ಹಿಡಿದು ನಿಂತ ಹೆಂಡತಿಯ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಮರುದಿನ ಐದು ಗಂಟೆಯ ಹೊತ್ತಿಗೆ ನಾಚಿಕೆ ಹೋಗಿರುತ್ತಿತ್ತು.

ಹೋದ ತಿಂಗಳು ಗಾಯ ಪೂರ್ತಿ ಮಾಯಿತು. ಡಾಕ್ಟರು ರಿಪೋರ್ಟು ನೋಡಿ, "ನಿಮ್ಮ ಮನೆಯವರಿಗೆ ಕೈ ಮುಗೀರಿ" ಎಂದರು.

"ಎಲ್ಲಾ ಹಾಗಲಕಾಯಿ ಗುಣ" ಎಂದು ಸುಬ್ಬಲಕ್ಷ್ಮಮ್ಮ ನೆಲ ನೋಡಿದರು. ಹನುಮಂತರಾಯಪ್ಪನವರೂ ನೆಲ ನೋಡಿದರು.

ಅಂಥ ಹೆಂಡತಿ ಈಗ ಬೆಣ್ಣೆ ಕದಿಯುತ್ತಿದ್ದಳು.

ಮಧ್ಯಾಹ್ನ ಎರಡೂವರೆ. "ಜಾನ್ ಬೀ ಹತ್ರ ಕಸೂತಿ ಕಲಿಯಕ್ಕೆ ಹೋಗ್ಬರ್ತೀನಿ ಕಣ್ರೀ" ಎಂದು ಸುಬ್ಬಲಕ್ಷ್ಮಮ್ಮ ಹೊರಟರು. ಸೆರಗಿನಡಿ ಏನೋ ಉಬ್ಬಿತ್ತು. ಜಾನ್ ಬೀ ಎಂದರೆ ಖಾಜಾ ಪೀರನ ತಾಯಿ. ಏಳು ತಿಂಗಳಿಂದ ಕಲಿಯುತ್ತಿರುವ ಕಸೂತಿಯ ಒಂದು ಕರವಸ್ತ್ರವೂ ಮನೆಗೆ ಬಂದಿರಲಿಲ್ಲ. ಹನುಮಂತರಾಯಪ್ಪ ಇಪ್ಪತ್ತು ಹೆಜ್ಜೆ ಹಿಂದೆ ನಡೆದರು.

ಜಾನ್ ಬೀ ಮನೆಯ ಹಿತ್ತಿಲ ಕಿಟಕಿ ತೆರೆದಿತ್ತು. ಒಳಗೆ ಸೂಜಿಯಿಲ್ಲ, ದಾರವಿಲ್ಲ. ಸುಬ್ಬಲಕ್ಷ್ಮಮ್ಮ ತಣ್ಣೀರಿನ ಬೇಸಿನ್ನಿನಲ್ಲಿ ಪಾತ್ರೆಯಿಟ್ಟು ಬೆಣ್ಣೆ ತಿರುವುತ್ತಿದ್ದರು. ಮರದ ಸೌಟು ಒಂದೇ ಸಮನೆ ಸುತ್ತುತ್ತಿತ್ತು. ಹಳದಿ ಬೆಣ್ಣೆ ಬೆಳ್ಳಗಾಯಿತು, ಉಬ್ಬಿತು, ಹತ್ತಿಯಂತಾಯಿತು. ಹಾಲಿನಲ್ಲಿ ಕಾಯಿಸಿ ಆರಿಸಿದ ಕಾರ್ನ್‌ಫ್ಲೋರ್ ಗಂಜಿಯನ್ನು ಚಮಚ ಚಮಚವಾಗಿ ಸೇರಿಸಿದರು. ಸಣ್ಣ ಸೀಸೆಯಿಂದ ಎಣಿಸಿ ಆರು ಹನಿ ಬಿಟ್ಟರು. ಎಸೆನ್ಸ್ ಇರಬೇಕು. ಕೊನೆಗೆ ಒಂದು ಚಿಟಿಕೆ ಗುಲಾಬಿ ಬಣ್ಣ.

"ಸಾಕು ಬಿಡಿ ಅಮ್ಮಾ, ಕೈ ನೋಯಲ್ವಾ?" ಎಂದರು ಜಾನ್ ಬೀ.

"ಇರಿ ಜಾನ್ ಬೀ. ಒಂದು ಗಂಟು ನಾಲಿಗೆಗೆ ಸಿಕ್ಕಿದ್ರೂ ಕೆಲಸ ಕೆಟ್ಟೋಗುತ್ತೆ."

ಪಕ್ಕದ ತಟ್ಟೆಯಲ್ಲಿ ಅಂಗೈ ಅಗಲದ ಒಂದೇ ಒಂದು ಕೇಕು. ಇಬ್ಬರು ಹಂಚಿಕೊಳ್ಳುವಷ್ಟಿಲ್ಲ. ಇವಳೊಬ್ಬಳೇ ತಿನ್ನುತ್ತಾಳೆ. ಎಂಟು ತಿಂಗಳ ಸಪ್ಪೆ ಕಾಫಿ ಹನುಮಂತರಾಯಪ್ಪನವರ ನೆತ್ತಿಗೇರಿತು. ಬಾಗಿಲು ತಳ್ಳಿ ಒಳಗೆ ನುಗ್ಗಿದರು.

"ನನಗೆ ಹಾಗಲಕಾಯಿ, ನಿನಗೆ ಕ್ರೀಮ್ ಕೇಕಾ? ನಿನ್ನನ್ನ ನಂಬಿ ನಾನು ದಿನಾ ಮನಸ್ಸಲ್ಲೇ ಕೊರಗ್ತಾ ಇದ್ನಲ್ಲೇ! ಎಲ್ಲಿ ಬಚ್ಚಿಟ್ಟಿದ್ದೀಯ ಸಕ್ಕರೆ?"

ಜಾನ್ ಬೀ ಸೆರಗು ಎಳೆದುಕೊಂಡು ಗೋಡೆ ಪಕ್ಕ ಸರಿದರು. ಸುಬ್ಬಲಕ್ಷ್ಮಮ್ಮ ಸೌಟು ನಿಲ್ಲಿಸಲಿಲ್ಲ. ಹನುಮಂತರಾಯಪ್ಪ ಇಲಾಖೆಯ ದಿನಗಳಂತೆ ತಪಾಸಣೆ ಶುರುಮಾಡಿದರು. ಕೇಕಿನ ಪಕ್ಕದ ಡಬ್ಬ ತೆರೆದರು: ರಾಗಿ ಹಿಟ್ಟು. ಬಟ್ಟಲು ಎತ್ತಿದರು: ಬಣ್ಣ ಕಲಸಿ ಒಣಗಿಸಿದ ಗಸಗಸೆ. ಸೀಸೆ ತಿರುಗಿಸಿದರು: ಮೇಲೊಂದು ಚೀಟಿ, "ಸಕ್ಕರೆ ಬದಲಿಗೆ ಸ್ಯಾಕರಿನ್, ಆರು ಹನಿ ಮಾತ್ರ" ಎಂದು ಚಿಕ್ಕಬಳ್ಳಾಪುರದ ಡಾಕ್ಟರ ಕೈಬರಹ. ಸಕ್ಕರೆ ಎಲ್ಲೂ ಇರಲಿಲ್ಲ.

"ಬೇಕರೀಲಿ ಐದು ಗಂಟೆಗೆ ತಿನ್ನೋರು ಮೂರಕ್ಕೇ ಯಾಕ್ರೀ ಬಂದ್ರಿ?" ಎಂದರು ಸುಬ್ಬಲಕ್ಷ್ಮಮ್ಮ. "ಇನ್ನೂ ಮೇಲ್ಗಡೆ ಕಾಳೇ ಉದುರಿಸಿಲ್ಲ."