ಮೊಲದ ನಾಲ್ಕನೇ ಕಾಲು

"ಅಷ್ಟೊಂದು ಸಂಬಳ ತಗೊಂಡು ಬೆಂಚು ಕಾಯ್ತಾನಲ್ಲಪ್ಪ ನಿನ್ನ ಉದ್ದಣ್ಣ. ಮುಂದಿನ ವರ್ಷ ತಂಡದೋರು ಕೈಬಿಡ್ತಾರೆ, ನೋಡ್ತಿರು." ಆಸ್ಪತ್ರೆಯ ಟಿವಿಯಲ್ಲಿ ಬಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಅಪ್ಪನ ಮಂಚದ ಪಕ್ಕ ಕುಳಿತ ಮಗಳು ಬೇಕೆಂದೇ ಕೆಣಕಿದಳು.

ಆ ಆಟಗಾರನ ವಿರುದ್ಧ ಯಾರು ತುಟಿ ಬಿಚ್ಚಿದರೂ ಅಪ್ಪ ಜಗಳಕ್ಕೇ ನಿಲ್ಲುತ್ತಿದ್ದ. "ನಿಮ್ಮಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಅಮ್ಮ ನಗುತ್ತಿದ್ದಳು. ಕಾಯಿಲೆ ಹಿಂಡಿ ಹಿಪ್ಪೆ ಮಾಡಿದ ಮೇಲೂ ಈ ವಾದಕ್ಕೆ ಮಾತ್ರ ಅವನ ದನಿ ಏರುತ್ತಿತ್ತು. ಆ ದನಿ ಕೇಳಲೆಂದೇ ಮಗಳು ದಿನಾ ಕೆಣಕುವುದು.

ಇಂದು ಅಪ್ಪ ರಿಮೋಟನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಚಿದ. "ನೀ ಹೇಳೋದೇ ಸರಿ ಮಗಳೇ. ಮೊಲಕ್ಕೆ ನಾಲ್ಕೇ ಕಾಲು."

"ಇಲ್ಲಪ್ಪ, ಮೂರೇ," ಎಂದಳು ಅವಳು, ರಿಮೋಟನ್ನು ಮತ್ತೆ ಅವನ ಕೈಗಿಡುತ್ತ. "ಸರಿಯಾಗಿ ಎಣಿಸು."